ಮದರಂಗಿ ಹಚ್ಚಿದ ಕಾಲು

ಮಡಂತ್ಯಾರಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ಒಂದು ತಗಡಿನ ಬಿಸ್ಕೆಟ್ ಡಬ್ಬಿ ಇದೆ. ನೀಲಿ ಬಣ್ಣದ್ದು, ಮುಚ್ಚಳದ ಮೇಲೆ ಯಾವುದೋ ಚಳಿದೇಶದ ಮನೆಯ ಚಿತ್ರ. ಅದರಲ್ಲಿ ಬಿಸ್ಕೆಟ್ ಇದ್ದದ್ದು ಒಂದೇ ವಾರ. ಆಮೇಲೆ ವರ್ಷಗಟ್ಟಲೆ ಅದು ಅಕ್ಕಪಕ್ಕದ ಮನೆಗಳಿಗೆಲ್ಲ ಔಷಧಿ ಅಂಗಡಿಯಾಗಿತ್ತು. ಆ ಡಬ್ಬಿಯನ್ನು ಎತ್ತಿ ರಸ್ತೆಗೆ ಬಿಸಾಡಬೇಕು ಎಂದು ನನಗೆ ಎಷ್ಟು ಸಲ ಅನಿಸಿತ್ತೋ ಲೆಕ್ಕವಿಲ್ಲ. ಬಿಸಾಡಿದ್ದರೆ ಚಿಕ್ಕಮ್ಮ ನನ್ನನ್ನೂ ಅದರ ಹಿಂದೆಯೇ ಬಿಸಾಡುತ್ತಿದ್ದರು ಎನ್ನುವುದು ಬೇರೆ ಮಾತು.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ನನ್ನನ್ನೂ ನನ್ನ ತಮ್ಮನನ್ನೂ ಸಾಕಿದವರು ಅವರೇ. ತಮ್ಮ ಹುಟ್ಟಿದ ಕೆಲವೇ ದಿನಗಳಲ್ಲಿ ಅಮ್ಮ ಬಾಣಂತಿ ಜ್ವರದಿಂದ ತೀರಿಕೊಂಡರು. ನಾನಾಗ ಒಂದನೇ ಕ್ಲಾಸಿಗೂ ಹೋಗದ ಹುಡುಗಿ. ಅಪ್ಪ ಮುಂಬಯಿಯಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಚಿಕ್ಕಮ್ಮನಿಗೆ ಆಗಿನ್ನೂ ಮದುವೆ ಆಗಿರಲಿಲ್ಲ. ಆಗುವಾಗ ನಮ್ಮಿಬ್ಬರನ್ನೂ ಜೊತೆಗೆ ಕಟ್ಟಿಕೊಂಡೇ ಗಂಡನ ಮನೆಗೆ ಬಂದರು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲವಂತೆ. ಬೆಳ್ತಂಗಡಿ ರಸ್ತೆಯ ಬದಿಯಲ್ಲಿ ಅವರದ್ದೊಂದು ಊಟದ ಹೋಟೆಲು. ಅವರು ಗಲ್ಲಾದಲ್ಲಿ, ಚಿಕ್ಕಮ್ಮ ಅಡುಗೆಮನೆಯಲ್ಲಿ. ಆ ವ್ಯವಸ್ಥೆ ಇವತ್ತಿಗೂ ಬದಲಾಗಿಲ್ಲ.

ತಮ್ಮ ಬೆಳೆದು ಗಲ್ಫಿಗೆ ಹೋದ. ರಜೆಯಲ್ಲಿ ಬರುವಾಗಲೆಲ್ಲ ಸೆಂಟು, ಸೋಪು, ಖರ್ಜೂರ, ಹಾಲಿನ ಪುಡಿಯ ಜೊತೆಗೆ ಜ್ವರದ ಮಾತ್ರೆಗಳನ್ನು ತಂದು ಸುರಿಯುತ್ತಿದ್ದ. ಗಲ್ಫಿನಿಂದ ಬಂದವನು ಜ್ವರದ ಮಾತ್ರೆ ತರದಿದ್ದರೆ ಅಲ್ಲಿ ಅವನ ಕೆಲಸ ಹೋಯಿತೋ ಎಂದು ನಮ್ಮ ಕಡೆ ಜನ ಸಂಶಯಪಡುತ್ತಾರೆ. ಅದೇ ಮಾತ್ರೆ ಮಡಂತ್ಯಾರಿನ ಮೆಡಿಕಲ್ಲಿನಲ್ಲೂ ಸಿಗುತ್ತದೆ, ಒಳಗಿನ ಮದ್ದು ಒಂದೇ ಎಂದು ನಾನು ಹೇಳಿ ಸೋತಿದ್ದೇನೆ. ಚಿಕ್ಕಮ್ಮನದ್ದು ಒಂದೇ ಉತ್ತರ.

"ಇಲ್ಲಿಯದ್ದಕ್ಕೆ ಪವರ್ ಇಲ್ಲ ಮಾರಾಯ್ತಿ."

ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆದರೆ ಆ "ಪವರ್" ಮಾತ್ರ ಎರಡರಲ್ಲೂ ಪವರೇ.

ಯಾರಿಗೆ ಮೈ ಬಿಸಿಯಾದರೂ ಅವರು ಹೋಟೆಲಿನ ಹಿಂಬಾಗಿಲಿಗೆ ಬರುತ್ತಿದ್ದರು. ಚಿಕ್ಕಮ್ಮ ಕೈ ಒರೆಸಿಕೊಂಡು, ಹಣೆ ಮುಟ್ಟಿ ನೋಡಿ, ಡಬ್ಬಿ ತೆರೆದು ಮಾತ್ರೆ ಕೊಟ್ಟು, ಅದನ್ನು ಎದುರಿನಲ್ಲೇ ನುಂಗಿಸಿ ಕಳಿಸುತ್ತಿದ್ದರು. ಯಾಕೆ ಜ್ವರ ಬಂತು, ಎಲ್ಲಿ ನೋವು, ಏನೂ ಕೇಳುತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ಅರ್ಧ ಮುಗಿಸಿ ಬಿಟ್ಟ ಕ್ಯಾಪ್ಸೂಲುಗಳೂ ಇದ್ದವು. ಯಾರದ್ದೋ ಹಲ್ಲುನೋವಿನದ್ದು, ಯಾರದ್ದೋ ಗಾಯದ್ದು. ಕಡಿಮೆಯಾದ ಮೇಲೆ ಉಳಿದ ಮದ್ದನ್ನು ಬಿಸಾಡಲು ಮನಸ್ಸಾಗದವರು ತಂದು ಚಿಕ್ಕಮ್ಮನ ವಶಕ್ಕೆ ಕೊಡುತ್ತಿದ್ದರು. ಜ್ವರವೆಂದರೆ ಚಿಕ್ಕಮ್ಮನಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಯಾರ ಹಣೆ ಬಿಸಿಯಾದರೂ ಅವರ ಮುಖ ಬದಲಾಗುತ್ತಿತ್ತು. ಅದು ಇಳಿಯುವವರೆಗೆ ಅವರು ಕೂತಲ್ಲಿ ಕೂರುತ್ತಿರಲಿಲ್ಲ. ಇಳಿಯಿತೋ, ಅಲ್ಲಿಗೆ ಕತೆ ಮುಗಿಯಿತು.

ಈಚೆಗೆ ಒಂದು ಆಟಿ ತಿಂಗಳು. ಮಳೆ ಹಿಡಿದರೆ ಬಿಡದ ಕಾಲ. ಹೋಟೆಲಿನ ಅಡುಗೆಮನೆಯ ನೆಲ ಒಣಗುವುದೇ ಇಲ್ಲ. ಪಾತ್ರೆ ತೊಳೆದ ನೀರು, ಮೀನು ತೊಳೆದ ನೀರು, ಮಾಡಿನಿಂದ ಎರಚುವ ನೀರು. ಇಡೀ ದಿನ ಅದರಲ್ಲೇ ನಿಂತವರ ಕಾಲ್ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ. ಅದಕ್ಕೆ ನಮ್ಮಲ್ಲಿ ಮದರಂಗಿಯೇ ಮದ್ದು. ಬಾವಿಕಟ್ಟೆಯ ಹತ್ತಿರದ ಗಿಡದಿಂದ ಸೊಪ್ಪು ಕೊಯ್ದು, ನುಣ್ಣಗೆ ಅರೆದು, ಮಲಗುವ ಮುಂಚೆ ಬೆರಳ ಸಂದಿಗೂ ಅಂಗಾಲಿಗೂ ಮೆತ್ತಿಕೊಳ್ಳುವುದು. ಬೆಳಿಗ್ಗೆ ತೊಳೆದರೆ ಕಾಲೆಲ್ಲ ಕೆಂಪು. ಮಳೆಗಾಲದಲ್ಲಿ ನಮ್ಮ ಗದ್ದೆ ಕೆಲಸದ ಹೆಂಗಸರನ್ನು ನೋಡಿದವರಿಗೆ ಊರಿನಲ್ಲಿ ಎಲ್ಲರಿಗೂ ಒಟ್ಟಿಗೇ ಮದುವೆ ಎಂದು ಅನಿಸಬೇಕು. ಸಣ್ಣಪುಟ್ಟ ಬಿರುಕಿಗೆ ಅದು ಆಗಿಬರುತ್ತದೆ, ಇಲ್ಲವೆಂದು ನಾನು ಹೇಳುವುದಿಲ್ಲ.

ಭಾನುವಾರ ನಾನು ತೋಡಾರಿನ ನನ್ನ ಮನೆಯಿಂದ ವೇಣೂರು ದಾರಿಯಾಗಿ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಅವರು ಎಡಗಾಲು ಎಳೆಯುತ್ತಾ ಬಂದು ಚಾ ಇಟ್ಟರು. ಮದರಂಗಿಯ ಬಣ್ಣ ಬೆರಳಿಗೆ ನಿಲ್ಲದೆ ಪಾದವನ್ನೆಲ್ಲ ದಾಟಿ ಹಿಮ್ಮಡಿ ಗಂಟಿನವರೆಗೆ ಏರಿತ್ತು.

"ಇದೆಂತ ಚಿಕ್ಕಮ್ಮ, ಇಷ್ಟು ಮೇಲಿನವರೆಗೆ?"

"ಉರಿತದೆ ಮಾರಾಯ್ತಿ. ಮದರಂಗಿ ತಂಪು ಅಲ್ವಾ? ಉರಿ ಎಲ್ಲಿಯವರೆಗೆ ಉಂಟೋ ಅಲ್ಲಿಯವರೆಗೆ ಹಾಕಿದ್ದೇನೆ."

ಗಲ್ಲಾದಿಂದ ಚಿಕ್ಕಪ್ಪ ಸೇರಿಸಿದರು, "ದಿಬ್ಬಣ ಯಾವಾಗ ಅಂತ ಕೇಳು. ನನಗಂತೂ ಹೇಳಿಲ್ಲ."

ನಾನು ಚಿಕ್ಕಮ್ಮನ ಹಣೆ ಮುಟ್ಟಿದೆ. ತಣ್ಣಗಿತ್ತು, ಸ್ವಲ್ಪ ಬೆವರಿತ್ತು. ಡಾಕ್ಟರಿಗೆ ತೋರಿಸುವ ಎಂದದ್ದಕ್ಕೆ ಅವರಿಗೆ ನಗು ಬಂತು. ಆಟಿ ಅಮಾವಾಸ್ಯೆಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿದವಳು ನಾನು, ಆ ಕಹಿಯನ್ನು ಸುಮ್ಮನೆ ಕುಡಿಯುವುದಾ, ಇನ್ನು ಒಂದು ವರ್ಷ ನನಗೆ ಎಂತ ಬರ್ಲಿಕ್ಕುಂಟು ಎಂದು ಕೇಳಿದರು. ಅವರೊಡನೆ ವಾದ ಮಾಡಿ ಗೆದ್ದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಹಣೆಯೂ ತಣ್ಣಗಿತ್ತಲ್ಲ, ನಾನು ಕೆಸುವಿನೆಲೆಯ ಪತ್ರೊಡೆ ಕಟ್ಟಿಸಿಕೊಂಡು ವಾಪಸು ಬಂದೆ. ಹಣೆ ಯಾಕೆ ತಣ್ಣಗಿತ್ತು ಎಂದು ಆಮೇಲೆ ಗೊತ್ತಾಯಿತು. ನಾಲ್ಕೈದು ದಿನದಿಂದ ಚಳಿ ಹಿಡಿದ ಕೂಡಲೇ ಅವರು ಡಬ್ಬಿಯ ಮಾತ್ರೆ ನುಂಗುತ್ತಿದ್ದರು. ಜ್ವರ ಇಳಿಯುತ್ತಿತ್ತು. ಬೆವರು ಒರೆಸಿಕೊಂಡು ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದರು. ನಡುವೆ ತಳದಲ್ಲಿದ್ದ ಕ್ಯಾಪ್ಸೂಲು ಕೂಡ ಒಂದೆರಡು ಹೊಟ್ಟೆಗೆ ಹೋಗಿತ್ತು. ಗಲ್ಲಾದಲ್ಲಿದ್ದ ಗಂಡನಿಗೂ ಗೊತ್ತಾಗಲಿಲ್ಲ, ಎದುರು ಕೂತು ಹಣೆ ಮುಟ್ಟಿದ ನನಗೂ ಗೊತ್ತಾಗಲಿಲ್ಲ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಚಿಕ್ಕಪ್ಪನ ಫೋನು ಬಂತು. ಆ ಹೊತ್ತಿನಲ್ಲಿ ಅವರು ಫೋನು ಮಾಡುವವರೇ ಅಲ್ಲ.

"ನೀನು ಒಮ್ಮೆ ಬರ್ಲಿಕ್ಕೆ ಆಗ್ತದಾ?" ಎಂದರು. ಸ್ವರದಲ್ಲಿ ತಮಾಷೆ ಇರಲಿಲ್ಲ. "ಇವಳು ಏನೇನೋ ಮಾತಾಡ್ತಾಳೆ. ಅಕ್ಕನಿಗೆ ಊಟ ಬಡಿಸಿ, ಅಕ್ಕ ಹಸಿದಿದ್ದಾಳೆ ಅಂತ ಹೇಳ್ತಾ ಇದ್ದಾಳೆ."

ಆ ಅಕ್ಕ ಎಂದರೆ ನನ್ನ ಅಮ್ಮ. ತೀರಿಹೋಗಿ ನಲವತ್ತು ವರ್ಷದ ಮೇಲಾಯಿತು. ನಾನು ಬರುವವರೆಗೆ ಕಾಯಬೇಡಿ, ಈಗಲೇ ಬೆಳ್ತಂಗಡಿಗೆ ಕರೆದುಕೊಂಡು ಹೋಗಿ, ನಾನು ನೇರ ಅಲ್ಲಿಗೇ ಬರ್ತೇನೆ ಎಂದು ಕಿರುಚಿದೆ. ಚಿಕ್ಕಪ್ಪ ಉಣ್ಣುತ್ತಿದ್ದ ಗಿರಾಕಿಗಳಿಗೆ, "ನೀವೇ ಬಡಿಸಿಕೊಳ್ಳಿ, ಹೋಗುವಾಗ ಬಾಗಿಲು ಎಳ್ಕೊಳ್ಳಿ" ಎಂದು ಹೇಳಿ ಹೆಂಡತಿಯನ್ನು ಎತ್ತಿಕೊಂಡು ಆಟೋ ಹತ್ತಿದರಂತೆ. ತಿಂಡಿಯ ಗಾಜಿನ ಕಪಾಟಿಗೆ ಬೀಗ ಹಾಕದೆ ಮನೆಯೊಳಗೆ ಕಾಲಿಡದ ಮನುಷ್ಯ ಅವರು.

ಆಸ್ಪತ್ರೆಯ ಡಾಕ್ಟರು ಬಂಟ್ವಾಳ ಕಡೆಯ ಹುಡುಗಿ. ನನ್ನ ಮಗಳಿಗಿಂತ ತುಸು ದೊಡ್ಡವರಿರಬಹುದು. ನಾನು ತಲುಪುವಾಗ ಚಿಕ್ಕಮ್ಮನ ಕೈಗೆ ಡ್ರಿಪ್ ಹಾಕಿಯಾಗಿತ್ತು. ಉಸಿರು ಜೋರಾಗಿ ಎಳೆಯುತ್ತಿದ್ದರು, ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರು ಸೀರೆಯ ಅಂಚು ಸರಿಸಿ ಕಾಲು ನೋಡಿದರು. ಸ್ಪಿರಿಟ್ ಹತ್ತಿಯಿಂದ ಉಜ್ಜಿದರು. ಕೆಂಪು ಹೋಗಲಿಲ್ಲ.

"ಇದರಲ್ಲಿ ಮದರಂಗಿ ಯಾವುದು, ರೋಗ ಯಾವುದು? ಹೀಗೆ ಮುಚ್ಚಿಟ್ಟರೆ ನಾವು ನೋಡುವುದು ಹೇಗೆ?" ಎಂದರು. ಸಿಟ್ಟು ಬಂದಿತ್ತು ಅವರಿಗೆ. ಸಿಟ್ಟು ಬಂದದ್ದರಿಂದ ನನಗೆ ಸಮಾಧಾನವಾಯಿತು, ಯಾಕೆಂದರೆ ಆಸೆ ಬಿಟ್ಟವರಿಗೆ ಸಿಟ್ಟು ಬರುವುದಿಲ್ಲ.

ಆಮೇಲೆ ಅವರು ಹೆಬ್ಬೆರಳಿನಿಂದ ಒಂದೊಂದೇ ಕಡೆ ಒತ್ತುತ್ತಾ ಹೋದರು. ಮದರಂಗಿಯ ಕೆಂಪು ಒತ್ತಿದರೂ ಹಾಗೆಯೇ ಇರುತ್ತಿತ್ತು. ರೋಗದ ಕೆಂಪು ಒತ್ತಿದಾಗ ಕ್ಷಣಮಾತ್ರ ಬೆಳ್ಳಗಾಗಿ ಮತ್ತೆ ತುಂಬಿಕೊಳ್ಳುತ್ತಿತ್ತು. ಹಾಗೆ ಒತ್ತುತ್ತಾ ಒತ್ತುತ್ತಾ ಗಂಟು ದಾಟಿ ಮೊಣಕಾಲಿನ ಹತ್ತಿರದವರೆಗೆ ಹೋದರು. ಅಲ್ಲಿ ಜೇಬಿನಿಂದ ಪೆನ್ನು ತೆಗೆದು ಕಾಲಿನ ಸುತ್ತ ಒಂದು ಗೆರೆ ಎಳೆದರು.

"ಬಿರಿದ ಬೆರಳ ಸಂದಿಯಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿದೆ, ಈಗ ರಕ್ತಕ್ಕೂ ಸೇರಿದ ಹಾಗೆ ಕಾಣ್ತದೆ" ಎಂದು ನನ್ನನ್ನು ಬದಿಗೆ ಕರೆದು ಹೇಳಿದರು. "ಬಿಪಿ ಇಳಿದಿದೆ. ಇವತ್ತು ನಾಳೆ ಕಷ್ಟ ಉಂಟು, ಸುಳ್ಳು ಹೇಳುವುದಿಲ್ಲ. ಸರಿಯಾದ ಮದ್ದು ಈಗ ಶುರುವಾಗಿದೆ. ಈ ಗೆರೆಯಿಂದ ಕೆಳಗೆ ಕೆಂಪು ಇಳಿದರೆ ನಾವು ಗೆದ್ದ ಹಾಗೆ."

ಮರುದಿನ ಬೆಳಿಗ್ಗೆ ಕೆಂಪು ಗೆರೆಯನ್ನು ದಾಟಿ ಮೇಲೆ ಹೋಗಿತ್ತು. ಹೆಚ್ಚಲ್ಲ, ಬೆರಳಿನ ಅಗಲದಷ್ಟು. ಅದನ್ನು ನೋಡಿ ನಾನು ಆಸ್ಪತ್ರೆಯ ಜಗಲಿಯಲ್ಲಿ ನಿಂತು ಅತ್ತುಬಿಟ್ಟೆ. ಅಮ್ಮ ಸತ್ತಾಗ ಅಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆ ಬಾಕಿ ಅಳುವೂ ಇದರಲ್ಲೇ ಸೇರಿತೇನೋ. ಮೊದಲ ದಿನ ಹೀಗಾಗುವುದುಂಟು, ಬಿಪಿ ಸುಧಾರಿಸಿದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದು ಅರ್ಧ ಕಿವಿಗೆ ಹೋಯಿತು. ಚಿಕ್ಕಪ್ಪ ಮಾತ್ರ ಮಂಚದ ಪಕ್ಕದ ಸ್ಟೂಲಿನಿಂದ ಏಳಲೇ ಇಲ್ಲ. ಹೆಂಡತಿಯ ಮುಖ ನೋಡಲು ಧೈರ್ಯವಿಲ್ಲದವರ ಹಾಗೆ ಆ ಗೆರೆಯನ್ನೇ ನೋಡುತ್ತಾ ಕೂತಿದ್ದರು.

ಅದರ ಮರುದಿನ ನಾನು ಗಂಜಿಯ ಫ್ಲಾಸ್ಕು ಹಿಡಿದು ವಾರ್ಡಿಗೆ ಬರುವಾಗ ಚಿಕ್ಕಪ್ಪನೇ ಬಾಗಿಲಿಗೆ ಬಂದರು.

"ಇಳಿದಿದೆ" ಎಂದರು. "ಬಂದು ನೋಡು."

ನಿಜವಾಗಿ ಇಳಿದಿತ್ತು. ಗೆರೆಗೂ ಕೆಂಪಿಗೂ ನಡುವೆ ಚಿಕ್ಕಮ್ಮನ ಸ್ವಂತ ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ನಾರಾವಿಯಲ್ಲಿ ಚಿಕ್ಕಪ್ಪನ ಪಾಲಿಗೆ ಬಂದ ಸ್ವಲ್ಪ ಜಾಗ ಇದೆ. ಅದರ ಗಡಿಯ ತಕರಾರಿಗೆ ವರ್ಷಗಟ್ಟಲೆ ಅಲೆದವರು ಅವರು. ಅವತ್ತಿನಿಂದ ದಿನಾ ಬೆಳಿಗ್ಗೆ ಹೆಂಡತಿಯ ಕಾಲಿನ ಮುಂದೆ ಕೂತು ಸರ್ವೆ ಮಾಡುತ್ತಿದ್ದರು. "ಇವತ್ತು ಇಷ್ಟು ಜಾಗ ನಮಗೆ ವಾಪಸು ಬಂತು" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ನಾರಾವಿಯಲ್ಲಿ ಒಂದು ಅಡಿಯೂ ಬಂದಿಲ್ಲ, ಇಲ್ಲಾದರೂ ಬರಲಿ ಎಂದು ಚಿಕ್ಕಮ್ಮ ಹೇಳಿದ ದಿನ ನನಗೆ ಇವರು ಉಳಿದರು ಎಂದು ಖಾತ್ರಿಯಾಯಿತು.

ಉಳಿದದ್ದು ಖಾತ್ರಿಯಾದ ಮೇಲೆ ನಾನು ಬೈಯಲು ಶುರುಮಾಡಿದೆ. ಅಷ್ಟು ದಿನ ತಡೆದಿಟ್ಟದ್ದು. ಜ್ವರ ಇದ್ದರೆ ಹೇಳಬಾರದಾ, ಮಾತ್ರೆ ನುಂಗಿ ನುಂಗಿ ಯಾರಿಗೆ ಮೋಸ ಮಾಡಿದಿರಿ, ಕಾಲು ಹೋಗುತ್ತಿತ್ತು, ಜೀವವೇ ಹೋಗುತ್ತಿತ್ತು ಎಂದೆಲ್ಲ. ಚಿಕ್ಕಮ್ಮ ಸುಮ್ಮನೆ ಕೇಳಿಸಿಕೊಂಡರು. ಅವರು ಸುಮ್ಮನೆ ಕೇಳಿಸಿಕೊಳ್ಳುವುದು ಎಂದೂ ಇಲ್ಲ, ಹಾಗಾಗಿ ನಾನೇ ನಿಲ್ಲಿಸಿದೆ.

ಆಗಲೇ ಡಾಕ್ಟರು ಒಳಗೆ ಬಂದರು. ಚಿಕ್ಕಮ್ಮ ಅವರ ಕೈ ಹಿಡಿದುಕೊಂಡರು.

"ಡಾಕ್ಟ್ರೆ, ಒಂದು ಕೇಳ್ತೇನೆ. ಜ್ವರ ಇಳಿತಾ ಇತ್ತು. ನಾನು ಮಾತ್ರೆ ತಿಂದಾಗಲೆಲ್ಲ ಇಳಿತಾ ಇತ್ತು. ಮತ್ತೆ ಹೀಗೆ ಯಾಕಾಯ್ತು?"

"ಮಾತ್ರೆ ಮೈಯ ಬಿಸಿಯನ್ನು ಇಳಿಸ್ತದೆ, ಅಮ್ಮ. ಒಳಗೆ ಇರುವ ಸೋಂಕಿಗೆ ಅದು ಎಂತ ಮಾಡುವುದಿಲ್ಲ. ಅದು ಅದರಷ್ಟಕ್ಕೆ ಬೆಳೀತಾ ಇರ್ತದೆ. ಜ್ವರ ಬಂದದ್ದೇ ಒಳಗೆ ಏನೋ ಉಂಟು ಅಂತ ನಮಗೆ ಹೇಳ್ಲಿಕ್ಕೆ. ನೀವು ಅದರ ಬಾಯಿ ಮುಚ್ಚಿಸಿದ್ರಿ. ಆ ಒಂದೆರಡು ಕ್ಯಾಪ್ಸೂಲಿನಿಂದಲೂ ಏನೂ ಆಗುವುದಿಲ್ಲ. ಯಾವ ರೋಗಕ್ಕೆ ಯಾವುದು, ಎಷ್ಟು ದಿನ ಅಂತ ಉಂಟು."

ಚಿಕ್ಕಮ್ಮ ಕೈ ಬಿಡಲಿಲ್ಲ.

"ನನ್ನ ಅಕ್ಕ ಬಾಣಂತಿ ಜ್ವರದಲ್ಲಿ ಹೋದದ್ದು" ಎಂದರು. "ನಾನೇ ಹತ್ತಿರ ಕೂತಿದ್ದೆ. ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಇರು, ಒಣಗ್ಲಿಕ್ಕೆ ಬಿಡಬೇಡ, ತಲೆಗೆ ಏರ್ತದೆ ಅಂತ ನಮ್ಮ ಅಜ್ಜಿ ಹೇಳಿದ್ರು. ಮಧ್ಯಾಹ್ನ ನನಗೆ ಕಣ್ಣು ಹತ್ತಿತು. ಎದ್ದು ನೋಡುವಾಗ ಬಟ್ಟೆ ಒಣಗಿ ಗರಿಗರಿ ಆಗಿತ್ತು. ಸಂಜೆ ಅಕ್ಕ ಹೋದಳು."

ನಾನು ಈ ಮಾತನ್ನು ಅವತ್ತೇ ಮೊದಲು ಕೇಳಿದ್ದು. ಚಿಕ್ಕಪ್ಪನೂ ಅವತ್ತೇ ಮೊದಲು ಕೇಳಿದ್ದು. ಡಬ್ಬಿ ತುಂಬ ಮಾತ್ರೆ ಇಟ್ಟುಕೊಂಡು, ಯಾರ ಮೈಯೂ ಬಿಸಿಯಾಗದ ಹಾಗೆ ಇಷ್ಟು ವರ್ಷ ಈ ಹೆಂಗಸು ಯಾಕೆ ಕಾವಲು ಕೂತಿದ್ದರು ಎಂದು ನನಗೆ ಒಮ್ಮೆಲೇ ತಿಳಿಯಿತು. ಆವರೆಗೆ ನಾನು ಅದನ್ನು ಗಲ್ಫಿನ ಜಂಬ ಎಂದುಕೊಂಡಿದ್ದೆ.

ಡಾಕ್ಟರು ಮಂಚದ ಅಂಚಿನಲ್ಲಿ ಕೂತರು. "ಹೆರಿಗೆಯ ಹೊತ್ತಿಗೆ ಒಳಗೆ ಸೋಂಕು ಸೇರಿ ಬರುವ ಜ್ವರ ಅದು" ಎಂದರು. "ನಿಮ್ಮ ಕಾಲಿನಿಂದ ರಕ್ತಕ್ಕೆ ಹೋದ ಹಾಗೆಯೇ. ಬಟ್ಟೆ ಒಣಗಿದ್ದಕ್ಕೆ ಯಾರೂ ಸಾಯುವುದಿಲ್ಲ. ನೀವು ಕಣ್ಣು ಮುಚ್ಚದೆ ಕೂತಿದ್ದರೂ, ಬಾವಿಯ ನೀರೆಲ್ಲ ಸುರಿದಿದ್ದರೂ ಅವರು ಉಳೀತಿರಲಿಲ್ಲ. ಆ ಜ್ವರಕ್ಕೆ ಬೇಕಾದದ್ದು ಈಗ ನಿಮ್ಮ ಕೈಗೆ ಹೋಗ್ತಾ ಇರುವ ಈ ಮದ್ದು. ಅದು ಅವರಿಗೆ ಸಿಗಲಿಲ್ಲ."

"ಹಾಗಾದ್ರೆ ನನ್ನಿಂದ ಅಲ್ವಾ?"

"ನಿಮ್ಮಿಂದ ಅಲ್ಲವೇ ಅಲ್ಲ."

ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಹೆಗಲು ಅಲುಗುತ್ತಿತ್ತು. ಚಿಕ್ಕಪ್ಪ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ಮಳೆ ನೋಡಿದರು. ನಾನು ಚಿಕ್ಕಮ್ಮನ ಬೆನ್ನು ಸವರುತ್ತಾ ಕೂತೆ. ಒಂದು ಒಣಗಿದ ಬಟ್ಟೆಯನ್ನು ಅವರು ನಲವತ್ತು ವರ್ಷ ಹೊತ್ತಿದ್ದರು. ಕೇಳುವವರು ಯಾರಾದರೂ ಮೊದಲೇ ಸಿಗಬಾರದಿತ್ತೇ ಅನಿಸಿತು.

ಚಿಕ್ಕಮ್ಮ ತಮ್ಮ ಎರಡೂ ಕಾಲಿನ ಮೇಲೆಯೇ ನಡೆದು ಮನೆಗೆ ಬಂದರು. ಹೋಟೆಲಿನ ಅಡುಗೆಮನೆಗೆ ಈಗ ಮರದ ಹಲಗೆ ಹಾಕಿದೆ, ಚಿಕ್ಕಮ್ಮ ಅದರ ಮೇಲೆ ರಬ್ಬರು ಚಪ್ಪಲಿ ಮೆಟ್ಟಿ ನಿಲ್ಲುತ್ತಾರೆ, ಮಲಗುವ ಮುಂಚೆ ಬೆರಳ ಸಂದಿ ಒರೆಸಿ ಒಣಗಿಸಿಕೊಳ್ಳುತ್ತಾರೆ. ಡಬ್ಬಿ ಎಲ್ಲಿಗೂ ಹೋಗಿಲ್ಲ. ತಳದ ಕ್ಯಾಪ್ಸೂಲುಗಳನ್ನು ಮಾತ್ರ ಅವರೇ ತೆಗೆದು ಆಸ್ಪತ್ರೆಗೆ ಕೊಟ್ಟು ಬಂದರು. ಹಿಂಬಾಗಿಲಿಗೆ ಜನ ಈಗಲೂ ಬರುತ್ತಾರೆ. ಮಾತ್ರೆ ಸಿಗುತ್ತದೆ, ಆದರೆ ಅದಕ್ಕೆ ಮೊದಲು ವಿಚಾರಣೆಯನ್ನು ಸಹಿಸಬೇಕು. ಎಷ್ಟು ದಿನ ಆಯಿತು, ಚಳಿ ಉಂಟಾ, ಗಾಯ ಉಂಟಾ, ಮೂತ್ರ ಉರಿಯುತ್ತದಾ, ಕಾಲು ತೋರಿಸು. ಅದೇ ಜ್ವರಕ್ಕೆ ಎರಡನೇ ಸಲ ಬಂದವರಿಗೆ ಮಾತ್ರೆ ಇಲ್ಲ, ಚಿಕ್ಕಪ್ಪ ಆಟೋ ಕರೆಯುತ್ತಾರೆ. ಮೊದಲಿನದ್ದೇ ಚೆನ್ನಾಗಿತ್ತು ಮಾರಾಯ್ರೆ, ಈಗ ಪೊಲೀಸು ಸ್ಟೇಷನಿಗೆ ಬಂದ ಹಾಗೆ ಆಗ್ತದೆ ಎಂದು ಪಕ್ಕದ ಮನೆಯವರು ನನ್ನ ಹತ್ತಿರ ದೂರು ಹೇಳಿದರು. ನನಗೆ ಬಹಳ ಖುಷಿಯಾಯಿತು.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗಲೇ ತಮ್ಮನ ವಿಡಿಯೊ ಕಾಲ್ ಬಂತು. ಒಂದೆರಡು ದಿನ ಜ್ವರ ಇತ್ತಂತೆ, ಈಗ ಇಲ್ಲವಂತೆ.

"ಎಂತ ಮಾಡಿದೆ?" ಚಿಕ್ಕಮ್ಮ ಕೇಳಿದರು.

"ಮಾತ್ರೆ ತಿಂದೆ, ಇಳೀತು."

"ಇಳಿದದ್ದು ನನಗೆ ಗೊತ್ತುಂಟು. ಅದೇ ಹೆದರಿಕೆ. ಕಾಲು ತೋರಿಸು."

"ಚಿಕ್ಕಮ್ಮ, ನಿಮಗೆ ಕಾಲು ತೋರಿಸುವುದಾ?"

"ಹುಟ್ಟಿದಾಗಿಂದ ನೋಡಿದ್ದೇನೆ, ತೋರಿಸು."

ನಡುವಯಸ್ಸು ದಾಟುತ್ತಿರುವ ಗಂಡಸು ಫೋನಿನ ಮುಂದೆ ಒಂದೊಂದೇ ಪಾದ ಎತ್ತಿ ತೋರಿಸಿದ. ಬೆರಳು ಅಗಲಿಸು ಎಂದರು, ಅಗಲಿಸಿದ. ಬಾಯಿ ತೆರೆ ಎಂದರು, ಸ್ವಲ್ಪವೇ ತೆರೆದ. ಮೂತ್ರ ಉರಿಯುತ್ತದಾ ಎಂದು ಕೇಳಿದಾಗ, "ರೂಮಿನಲ್ಲಿ ಬೇರೆಯವರಿದ್ದಾರೆ ಚಿಕ್ಕಮ್ಮ!" ಎಂದು ಗೋಳಾಡಿದ. ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ನಾನೂ ನಗುತ್ತಿದ್ದೆ. ಚಿಕ್ಕಮ್ಮ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರ ಹಿಡಿದರು.

"ನೀನು ಆಗಿನಿಂದ ಒಂದೇ ಬದಿ ತೋರಿಸ್ತಾ ಇದ್ದೀಯ. ಮುಖ ಆಚೆ ತಿರುಗಿಸು."

ಅವನು ಸ್ವಲ್ಪ ತಡೆದು ತಿರುಗಿಸಿದ. ಬಲಗಡೆಯ ದವಡೆ ಬಾತು ಹೊಳೆಯುತ್ತಿತ್ತು. ಹಲ್ಲು ಹುಳುಕಾಗಿತ್ತು, ಒಳಗೆ ಕೀವಾಗಿತ್ತು. ರಜೆ ಹಾಕಲು ಆಗುವುದಿಲ್ಲವೆಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದ. ಚಿಕ್ಕಮ್ಮ ಬೈಯಲಿಲ್ಲ. ತುಂಬ ಮೆಲ್ಲನೆ ಹೇಳಿದರು.

"ಮಗ, ಈಗಲೇ ಅಂಗಿ ಹಾಕಿಕೊಂಡು ಡಾಕ್ಟ್ರ ಹತ್ತಿರ ಹೋಗು. ಅಲ್ಲಿಂದ ನನಗೆ ಫೋನು ಮಾಡು. ನಾನು ಇಲ್ಲೇ ಕೂತಿರ್ತೇನೆ."

ಕೂತೇ ಇದ್ದರು. ಅಡುಗೆಮನೆಯಲ್ಲಿ ಬಂಗುಡೆ ಮೀನು ಕೊಯ್ಯದೆ ಬಿದ್ದಿತ್ತು, ಚಿಕ್ಕಪ್ಪ ಎರಡು ಸಲ ಇಣುಕಿ ನೋಡಿ ಹೋದರು. ಕೊನೆಗೆ ಫೋನು ಬಂತು. ಕೀವು ತೆಗೆದಿದ್ದರು, ಮದ್ದು ಕೊಟ್ಟಿದ್ದರು, ಬಾಯಿ ತುಂಬ ಹತ್ತಿ ಇಟ್ಟದ್ದರಿಂದ ಅವನಿಗೆ ಮಾತಾಡಲು ಆಗುತ್ತಿರಲಿಲ್ಲ, ಹೂಂ ಹೂಂ ಎನ್ನುತ್ತಿದ್ದ. ನೋವು ಹೋದರೂ ಮದ್ದು ನಡುವೆ ಬಿಡಬೇಡ, ಡಾಕ್ಟ್ರು ಹೇಳಿದಷ್ಟು ದಿನ ತಿನ್ನು ಎಂದು ಚಿಕ್ಕಮ್ಮ ಅವನಿಂದ ಮೂರು ಸಲ ಹೂಂ ಅನ್ನಿಸಿಕೊಂಡರು.

ಫೋನು ಕೆಳಗಿಟ್ಟು ಅವರು ಗೋಡೆಯಲ್ಲಿದ್ದ ನನ್ನ ಅಮ್ಮನ ಫೋಟೋ ಕಡೆಗೆ ತಿರುಗಿದರು.

"ಅಕ್ಕ, ಅವನು ಡಾಕ್ಟ್ರ ಹತ್ತಿರ ಹೋಗಿ ಬಂದ" ಎಂದರು.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೀನು ಕೊಯ್ಯಲು ಹೋದರು.